ಮಿರಜಿನಲ್ಲಿ ನುಂಗಿದ ಮಾತು

ಮಿರಜಿನ ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನು ನಾನು ಮಾವಶಿಗೆ ಹೇಳಲಿಲ್ಲ. ಮರೆತು ಬಿಟ್ಟಿದ್ದಲ್ಲ—ಬೇಕೆಂದೇ ನುಂಗಿದೆ.

ಮಾವಶಿ ನನ್ನ ಅವ್ವನ ಅಕ್ಕ, ಮಕ್ಕಳಿಲ್ಲದ ವಿಧವೆ. ಅಥಣಿ ಕಡೆಯ ನಮ್ಮ ಹಳ್ಳಿಯಲ್ಲಿ ಅಕ್ಕತಂಗಿಯರಿಬ್ಬರೂ ದಿನವಿಡೀ ಹೊಲದಲ್ಲಿ ದುಡಿದವರು. ನಾನಿದ್ದ ಸಾಂಗ್ಲಿಯ ಸುತ್ತಲಿನ ಹೊಲಗಳಲ್ಲಿ ಅಪಾರ್ಟ್‌ಮೆಂಟುಗಳೇಳುತ್ತಿದ್ದ, ಗಲ್ಲಿಗೊಂದು ಎಸ್‌ಟಿಡಿ ಬೂತು ಬರುತ್ತಿದ್ದ ವರ್ಷಗಳಲ್ಲಿ ನನಗೊಂದು ಹೊಸ ಕಂಪನಿಯಲ್ಲಿ ನೌಕರಿ ಸಿಕ್ಕಿತು. ಮಕ್ಕಳಿನ್ನೂ ಸಣ್ಣವು. ಅವನ್ನು ನೋಡಿಕೊಳ್ಳಲು ಮಾವಶಿಯನ್ನು ಕರೆತಂದು ಮೂರನೇ ಮಹಡಿಯ ಮನೆಯಲ್ಲಿ ಕೂರಿಸಿದೆ. ನಲ್ಲಿಯಲ್ಲಿ ನೀರು, ಗ್ಯಾಸಿನ ಒಲೆ, ನೆರೆಹೊರೆಯಲ್ಲೆಲ್ಲ ಅವರಿಗೆ ಬಾರದ ಮರಾಠಿ. ನಡೆಯುವ ಕೆಲಸವಿಲ್ಲ, ಮಾತಿಗೆ ಜನವಿಲ್ಲ—ಚಹಾ, ಹೋಳಿಗೆ, ಟಿವಿ. ಮಾವಶಿಯನ್ನು ಸುಖವಾಗಿಟ್ಟಿದ್ದೇನೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವಳೂ ನಾನೇ.

ಕಾಲು ಜೋಮು ಹಿಡಿಯುತ್ತದೆ ಎಂದಾಗ ಮಿರಜಿಗೆ ಕರೆದೊಯ್ದೆ. ಊರಿಂದ ಬಂದಿದ್ದ ಅವ್ವನೂ ಜೊತೆಗಿದ್ದಳು, ಅವಳ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆವು. ಅವ್ವನದು ಚೆನ್ನಾಗಿದೆ ಎಂದರು ಡಾಕ್ಟರು. ಮಾವಶಿಯ ಪಾದದ ಮೇಲೆ ಬೆರಳಿಟ್ಟು ತುಸು ಹೊತ್ತು ನಾಡಿ ಹುಡುಕಿ ನನ್ನತ್ತ ತಿರುಗಿದರು.

"ಅಜೂನ ಸಾಖರ ನಾಹೀ, ಪಣ ಉಂಬರಠ್ಯಾವರ ಆಹೇ."

ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹೊಸ್ತಿಲ ಮೇಲಿದೆ. ಕಾಲಿನ ರಕ್ತನಾಳಗಳು ಬಿರುಸಾಗುತ್ತಿವೆ. ಈಗಲೇ ಸಿಹಿ ಬಿಟ್ಟು ನಡೆದಾಡಿದರೆ ತಡೆಯಬಹುದು. ಸಾಧ್ಯವಾದರೆ ಊರಿಗೇ ಕಳಿಸಿ, ಅಲ್ಲಿಯ ಓಡಾಟವೇ ಇವರಿಗೆ ಔಷಧ—ಇಷ್ಟನ್ನೂ ಅವರು ಮರಾಠಿಯಲ್ಲೇ ಬಿಡಿಸಿ ಹೇಳಿದರು. ಅವ್ವನಿಗೂ ಮರಾಠಿ ಬಾರದು.

"ಏನಂದ್ರು ಶೋಭಾ, ಡಾಕ್ಟರು?"

"ಸಕ್ಕರಿ ಇಲ್ಲಂತ್ರಿ ಮಾವಶಿ. ಕಾಲಿಗೆ ಎಣ್ಣಿ ತಿಕ್ಕೋರಿ, ಸಾಕು."

'ಇನ್ನೂ' ಎಂಬ ಒಂದು ಪದವನ್ನು ಬಿಟ್ಟೆ, ಅಷ್ಟೇ. ಸುಳ್ಳು ಹೇಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ... ಥೂ. ಮಾವಶಿ ಊರಿಗೆ ಹೋಗಲು ನೆಪ ಹುಡುಕುತ್ತಿದ್ದುದು ನನಗೆ ಗೊತ್ತಿತ್ತು. ಅವರು ಹೋದರೆ ನನ್ನ ನೌಕರಿಯೂ ಹೋಗುತ್ತಿತ್ತು. ಮನಸ್ಸು ತಡೆಯದೆ ಮರುದಿನ ಅವರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದೆ. "ಯಾಕ, ಸಕ್ಕರಿ ತೀರೈತೇನು?" ಎಂದು ನಕ್ಕರು. ಹೇಳಲು ಅದೊಂದು ಅವಕಾಶವಿತ್ತು. ನಾನು ಎದ್ದು ಹೋಗಿ ಎರಡು ಚಮಚ ಹಾಕಿ ತಂದುಕೊಟ್ಟೆ.

ಕೆಲವು ವರ್ಷಗಳ ನಂತರ ಹೆಬ್ಬೆರಳಿಗೊಂದು ಗಾಯವಾಯಿತು, ಮಾಯಲಿಲ್ಲ. ಅಷ್ಟರಲ್ಲಿ ಸಕ್ಕರೆ ಏರಿತ್ತು, ರಕ್ತ ಪಾದದವರೆಗೆ ಇಳಿಯುತ್ತಿರಲಿಲ್ಲ. ಪಾದ ತೆಗೆದರು. ನನ್ನ ಮಕ್ಕಳು ಅಷ್ಟೊತ್ತಿಗೆ ದೊಡ್ಡವರಾಗಿದ್ದರು—ಈಗ ಮಾವಶಿ ಊರಿಗೆ ಹೋಗಬಹುದಿತ್ತು. ಹೋದರು.

ಅಲ್ಲಿ ಅವ್ವನೇ ಅವರನ್ನು ಎತ್ತಿ ಕೂರಿಸುತ್ತಾಳೆ, ಸ್ನಾನ ಮಾಡಿಸುತ್ತಾಳೆ, ಜೊತೆಗೆ ಬೈಯುತ್ತಾಳೆ: "ಸಾಂಗ್ಲ್ಯಾಗ ಕುಂತು ಸಿಹಿ ತಿಂದಿ. ನಾಲಿಗಿ ಚಪಲಕ್ಕ ಕಾಲು ಕಳಕೊಂಡಿ." ಮಾವಶಿ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ನಾನೂ ಅಲ್ಲೇ ಕೂತು ಕೇಳಿಸಿಕೊಂಡಿದ್ದೇನೆ, ಎಷ್ಟೋ ಸಲ.

ಕಳೆದ ದೀಪಾವಳಿಗೆ ಹೋದಾಗ, ಅವ್ವ ಹೊಲಕ್ಕೆ ಹೋಗಿದ್ದಳು. ಮಾವಶಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

"ಆಗ ಹೇಳಿದ್ದರ ಕಾಲು ಉಳೀತಿತ್ತೇನು?"

"ಉಳೀಬಹುದಿತ್ರಿ."

ಅವರು ಸೀರೆಯ ಅಂಚನ್ನು ಕಾಲ ಮೇಲೆ ಎಳೆದುಕೊಂಡರು. "ನಿಮ್ಮವ್ವಗ ಹೇಳಬ್ಯಾಡ. ಆಕಿ ನಿನ್ನ ಮಾರಿ ನೋಡೂದಿಲ್ಲ" ಎಂದರು.

ಆ ಮಾತು ಕೇಳಿ ನನಗೆ ಹಾಯೆನಿಸಿತು. ಇಡೀ ಬದುಕಿನಲ್ಲಿ ನಾನು ಅತಿ ಹೆಚ್ಚು ನಾಚಿಕೆಪಡುವುದು ಆ ಹಾಯೆನಿಸಿದ್ದಕ್ಕೆ.

ಅವ್ವ ಇವತ್ತಿಗೂ ಅಕ್ಕನನ್ನು ಬೈಯುತ್ತಲೇ ಇದ್ದಾಳೆ. ನಾನು ಬರೆಯುವುದೆಲ್ಲ ಈಗ ಮರಾಠಿಯಲ್ಲಿ. ಕನ್ನಡ ಬರೆದು ಎಷ್ಟೋ ಕಾಲವಾಗಿತ್ತು. ಇದನ್ನು ತಡವರಿಸುತ್ತಾ ಕನ್ನಡದಲ್ಲೇ ಬರೆದಿದ್ದೇನೆ. ಅವ್ವನಿಗೆ ಕನ್ನಡ ಓದಲು ಬರುತ್ತದೆ.