ಬಚ್ಚಲೊಲೆಯ ತಗಡು

ನಾನು ಹುಟ್ಟಾ ಹೆದರುಪುಕ್ಕಿ. ಹಗ್ಗ ಕಂಡರೂ ಹಾವೆಂದು ಹಾರುವವಳು ಎಂದು ಮನೆಯವರೆಲ್ಲ ನಗುತ್ತಿದ್ದರು. ನಗಲಿ ಬಿಡಿ, ಅದರಿಂದ ನನಗೇನೂ ನಷ್ಟವಿರಲಿಲ್ಲ. ಆದರೆ ಒಮ್ಮೆ ಅದೇ ಹೆದರಿಕೆಯಿಂದ ನಾನು ಮಾಡಿದ ಕೆಲಸ ನನ್ನ ಮಗಳನ್ನೇ ಸುಡುವುದರಲ್ಲಿತ್ತು. ಐದು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದೂ ಹೆದರಿಕೆಯಿಂದಲೇ.

ಆಗ ನಾವು ಹೊನ್ನಾವರದಿಂದ ಶರಾವತಿ ದಾಟಿದರೆ ಸಿಗುವ ಕಾಸರಕೋಡಿನಲ್ಲಿದ್ದೆವು. ನಾನು ಪ್ರಾಥಮಿಕ ಶಾಲೆಯ ಅಕ್ಕೋರು, ಗಂಡ ಬೋಟಿನ ಎಂಜಿನ್ ರಿಪೇರಿಯ ಮೇಸ್ತ್ರಿ. ಎಂಜಿನ್ನಿನ ಮೇಲೆ ಅಂಗೈ ಇಟ್ಟರೆ ಸಾಕು, ಕಾಯಿಲೆ ಹೇಳುತ್ತಾರೆ ಎಂದು ಬಂದರಿನಲ್ಲಿ ಅವರಿಗೆ ಹೆಸರು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿರಬೇಕು, ಒಂದು ಹಳೆಯ ಪೆಟ್ರೋಲ್ ವ್ಯಾನು ಕೊಂಡರು. ಮುಂದಿನ ಸೀಟಿನ ಅಡಿಗೇ ಎಂಜಿನ್ ಇರುವ ಗಾಡಿ. ಹತ್ತು ಮೈಲು ಹೋಗುವಷ್ಟರಲ್ಲಿ ಕೂತ ಸೀಟು ಬೆಚ್ಚಗಾಗುತ್ತಿತ್ತು, ನನ್ನ ಎದೆ ತಣ್ಣಗಾಗುತ್ತಿತ್ತು.

ತಂದ ಸ್ವಲ್ಪ ದಿನಕ್ಕೆ ಅದರ ಪೆಟ್ರೋಲ್ ಪೈಪು ಸೀಳಿತು. ಇವರು ಬೋಟಿಗೆ ಹಾಕುವ ಪ್ಲಾಸ್ಟಿಕ್ ಪೈಪನ್ನು ಒಂದು ಮೊಳ ಕತ್ತರಿಸಿ ತಂದು ಕೂರಿಸಿದರು. ನಮ್ಮ ಕಡೆಯ ಬೋಟಿನವರಿಗೆ ಆ ಪೈಪೆಂದರೆ ಪ್ರಾಣ. ಅದು ಪಾರದರ್ಶಕ, ಒಳಗೆ ಡೀಸೆಲ್ ಹರಿಯುವುದು, ಗಾಳಿಗುಳ್ಳೆ ಸಿಕ್ಕಿದ್ದು ಎಲ್ಲ ಕಣ್ಣಿಗೆ ಕಾಣುತ್ತದೆ. "ಸಮುದ್ರದಲ್ಲಿ ಕೈ ಕೊಡದ್ದು ರೋಡಲ್ಲಿ ಕೊಡ್ತದಾ?" ಎಂದರು. ಐದಾರು ತಿಂಗಳು ಅದು ಕೈ ಕೊಡಲೂ ಇಲ್ಲ.

ನನ್ನನ್ನು ಹೆದರಿಸಿದ್ದು ಬೇರೆಯದೇ. ಗಾಡಿ ನಿಂತು ಎಂಜಿನ್ ಓಡುತ್ತಿದ್ದರೆ ಸಾಕು, ಕಾಲಡಿಯಿಂದ ಗಡಗಡಗಡ ಎಂದು ಸದ್ದು.

"ಎಂತ ಅದು? ಗಾಡಿ ಕಳಚಿ ಬೀಳ್ತದಾ ಹೇಗೆ?" ಎಂದು ಕೇಳಿದೆ.

"ಅದೊಂದು ತಗಡು. ಬೋಲ್ಟ್ ಸಡ್ಲ ಆಗ್ಯದೆ. ಬಡ್ಕಂಡ್ರೆ ಬಡ್ಕಣ್ಲಿ ಬಿಡೇ ಮಾರಾಯ್ತಿ. ಟೈಮ್ ಸಿಕ್ಕಾಗ ನೋಡ್ತೆ."

ಊರ ಬೋಟುಗಳಿಗೆಲ್ಲ ಸಿಕ್ಕ ಟೈಮು ಮನೆಯ ಗಾಡಿಗೆ ಸಿಗಲಿಲ್ಲ. ಅವರು ಭಟ್ಕಳದ ಬಂದರಿಗೆ ಮೂರು ದಿನದ ಕೆಲಸಕ್ಕೆ ಹೋಗಿದ್ದಾಗ ನಮ್ಮ ಮನೆಯ ಕಿಟಕಿಯ ಸರಳು ಕೂರಿಸಲು ಒಬ್ಬ ವೆಲ್ಡರ್ ಬಂದ. ಅವನಿಗೆ ಚಾ ಕೊಟ್ಟು, ಆ ತಗಡನ್ನೊಮ್ಮೆ ತೆಗೆದುಕೊಡಪ್ಪ ಎಂದೆ. ಅವನು ಗಾಡಿಯಡಿಗೆ ನುಗ್ಗಿ ಐದೇ ನಿಮಿಷದಲ್ಲಿ ಎಳೆದು ಹಾಕಿದ. ಮೊರದ ಅರ್ಧದಷ್ಟು ಅಗಲದ, ತುಕ್ಕು ಹಿಡಿದ ಒಂದು ತಗಡು. ಇಷ್ಟಕ್ಕೆ ಇಷ್ಟು ರಂಪ ಮಾಡಿದೆನಲ್ಲ ಎಂದು ನನಗೇ ನಗು ಬಂತು. ನಮ್ಮ ಬಚ್ಚಲೊಲೆಯ ಬಾಯಿಂದ ಕೆಂಡ ಸಿಡಿಯುತ್ತಿತ್ತು, ಅದಕ್ಕೆ ಅಡ್ಡ ಇಟ್ಟೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ತನ್ನ ಗಾಡಿಯನ್ನು ಇನ್ನೊಬ್ಬರು ಮುಟ್ಟಿದರೆ ಇವರಿಗೆ ಸಿಟ್ಟು. ಹಾಗಾಗಿ ಹೇಳಲಿಲ್ಲ. ಬಂದವರು ಗಾಡಿ ಚಾಲೂ ಮಾಡಿ, "ನೋಡು, ಸದ್ದು ತನ್ನಷ್ಟಕ್ಕೆ ನಿಂತದೆ. ಸುಮ್ನೆ ಹೆದ್ರುದು ನೀನು" ಎಂದರು. ನಾನು ಹೂಂಗುಟ್ಟಿದೆ.

ಎರಡು ವಾರದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ, ಸಂತೆಗುಳಿಯ ನನ್ನ ತವರಿನಿಂದ ವಾಪಸು ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಐದು ವರ್ಷದ ಮಗಳು ಮಲಗಿದ್ದಳು, ಅವಳ ಕಾಲ ಬುಡದಲ್ಲಿ ಅಮ್ಮ ಕೊಟ್ಟ ಹಲಸಿನ ಹಣ್ಣು. ಕುಮಟಾ ದಾಟಿ ಹೊನ್ನಾವರದವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಶರಾವತಿ ಸೇತುವೆಯ ನಡುಮಧ್ಯ ಸಾಲು ನಿಂತುಬಿಟ್ಟಿತು. ಮುಂದೆಲ್ಲೋ ಲಾರಿಯೊಂದು ಕೆಟ್ಟಿತ್ತು. ಮುಂದೆ ಬಸ್ಸು, ಹಿಂದೆ ಮೀನಿನ ಟೆಂಪೋ, ಪಕ್ಕದಲ್ಲಿ ಕಟಕಟೆ, ಕೆಳಗೆ ನೀರು.

ಹತ್ತು ನಿಮಿಷವಾಗಿರಬಹುದು. ನನ್ನ ಮೂಗಿಗೆ ಪೆಟ್ರೋಲ್ ಹೊಡೆಯಿತು.

"ವಾಸ್ನೆ ಬರ್ತದೆ, ಕೇಳ್ತಾ?" ಎಂದೆ.

"ನಿನ್ನ ಅಮ್ಮನ ಹಲಸಿನ ಹಣ್ಣಿಂದು."

"ಹಲಸಿನ ಹಣ್ಣು ನಾನು ಇವತ್ತು ನೋಡಿದ್ದಾ? ಪೆಟ್ರೋಲ್ ಇದು!"

"ಸುಮ್ನೆ ಕೂತ್ಕ ಮಾರಾಯ್ತಿ. ನಿಂಗೆ ಯಾವಾಗ ಎಂತ ಕಂಡಿಲ್ಲ?"

ಅವರನ್ನೂ ಅನ್ನುವಂತಿಲ್ಲ. ಅಷ್ಟು ವರ್ಷ ಇಲ್ಲದ ಹುಲಿಯನ್ನು ಕೂಗಿ ಕರೆದವಳು ನಾನು. ಅಷ್ಟರಲ್ಲಿ ಸೀಟಿನ ಸಂದಿಯಿಂದ ಬಿಳಿ ಹೊಗೆ ಎಳೆ ಎಳೆಯಾಗಿ ನನ್ನ ಮೊಣಕಾಲಿನ ಹತ್ತಿರ ಎದ್ದಿತು. ಅವರ ಮುಖದ ಬಣ್ಣ ಹೋಯಿತು. ಕೀ ತಿರುಗಿಸಿ ಎಂಜಿನ್ ಆರಿಸಿ, "ಮಗು!" ಎಂದು ಕೂಗಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಿಂದಿನ ಜಾರುಬಾಗಿಲು ಮೊದಲಿಂದಲೂ ಬಿಗಿ. ಕೆಳಗೆ ಹಾರಿ ಎಳೆದೆ, ಬರಲಿಲ್ಲ. ಗಾಜಿನೊಳಗೆ ಮಗಳು ಎದ್ದು ಕೂತು ಕಣ್ಣುಜ್ಜುತ್ತ ನನ್ನನ್ನೇ ನೋಡುತ್ತಿದ್ದಳು. ಗಾಡಿಯಡಿಯಲ್ಲಿ ಭಗ್ಗೆಂದಿತು. ಇಬ್ಬರೂ ಸೇರಿ ಜಗ್ಗಿದಾಗ ಬಾಗಿಲು ಅರ್ಧ ಸರಿಯಿತು. ಆ ಸಂದಿಯಲ್ಲೇ ಅವಳ ರಟ್ಟೆ ಹಿಡಿದು ಎಳೆದುಕೊಂಡೆ. ಅವಳ ಒಂದು ಚಪ್ಪಲಿ ಒಳಗೇ ಉಳಿಯಿತು. ಕಂಕುಳಲ್ಲಿ ಅವಳನ್ನು ಅವುಚಿಕೊಂಡು ವಾಹನಗಳ ನಡುವೆ ಓಡಿದೆ. ಎಷ್ಟು ಓಡಿದರೂ ಸೇತುವೆ ಮುಗಿಯಲಿಲ್ಲ.

ಉಳಿಸಿದವರು ಮೀನಿನ ಟೆಂಪೋದವರು. ಐಸಿನ ಮೇಲೆ ಹೊದಿಸಿದ್ದ ಒದ್ದೆ ಗೋಣಿಗಳನ್ನು ತಂದು ಗಾಡಿಯಡಿಗೆ ತುರುಕಿ ಬೆಂಕಿಯ ಉಸಿರು ಕಟ್ಟಿಸಿದರು.

ಗಾಡಿಯನ್ನು ಹೊನ್ನಾವರದ ಗ್ಯಾರೇಜಿಗೆ ಎಳೆಸಿದೆವು. ಅಲ್ಲಿನ ಮುದುಕ ಮೆಕ್ಯಾನಿಕ್ ಅಡಿಗೆ ಬಗ್ಗಿ, ಕರಗಿ ಮೇಣದಂತೆ ಜೋತಿದ್ದ ಪೈಪನ್ನು ಕಿತ್ತು ತಂದ.

"ಮೇಸ್ತ್ರಿ, ಇಲ್ಲಿರೂದು ಕನ್ವರ್ಟರ್. ಹೊಗೆಯ ವಿಷ ಸುಡೂ ಡಬ್ಬಿ. ಸೈಲೆನ್ಸರ್‌ಗಿಂತ ಬಿಸಿ ಇದು. ಓಡ್ತಾ ಇದ್ರೆ ಗಾಳಿ ಬಡ್ದು ಸ್ವಲ್ಪ ತಣೀತದೆ, ನಿಂತ್ರೆ ಬಿಸಿ ಎಲ್ಲ ಅಲ್ಲೇ ಉಳೀತದೆ. ಇದ್ರ ಪಕ್ಕ ಬೋಟಿನ ಪೈಪ್ ಹಾಕ್ತ್ರಾ?" ಎಂದ. ಇವರು ತಲೆ ತಗ್ಗಿಸಿದರು. ಅವನು ಮತ್ತೆ ಬಗ್ಗಿ ನೋಡಿದ. "ಆದ್ರೂ ಇಷ್ಟು ಬೇಗ ಕರಗೂದಲ್ಲ. ಬಿಸಿ ತಡಿಲಿಕ್ಕೆ ಇಲ್ಲೊಂದು ತಗಡು ಇರ್ಬೇಕಿತ್ತಲ. ಎಲ್ಲಿ ಅದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಗಳ ತಲೆಗೂದಲು ಸರಿಮಾಡತೊಡಗಿದೆ.

"ಸಡ್ಲ ಆಗಿತ್ತು. ದಾರಿಲಿ ಬಿದ್ದಿರ್ಬೇಕು. ನಂದೇ ತಪ್ಪು" ಎಂದರು ಇವರು.

ಆಗಲೇ ಹೇಳಬೇಕಿತ್ತು. ಮಗಳನ್ನು ಸುಡಲು ಹೊರಟವಳು ನೀನು ಎಂದು ಅವರು ಒಂದು ಸಲ ನೋಡಿಬಿಟ್ಟರೆ, ಆ ನೋಟವನ್ನು ಜೀವಮಾನವಿಡೀ ಹೇಗೆ ಹೊರಲಿ?

ಮೆಕ್ಯಾನಿಕ್ ಪೆಟ್ರೋಲಿಗೆಂದೇ ಬರುವ ದಪ್ಪ, ನೂಲು ಹೆಣೆದ ಪೈಪು ಹಾಕಿ, ಅದನ್ನು ಕನ್ವರ್ಟರಿನಿಂದ ಗೇಣು ದೂರ ಸರಿಸಿ ಕ್ಲಿಪ್ಪಿನಿಂದ ಬಿಗಿದ. ನಡುವೆ ಹೊಸ ತಗಡು ಕೂರಿಸಿದ. "ತಿಂಗ್ಳಿಗೊಮ್ಮೆ ಗಾಡಿ ತಣ್ದ ಮೇಲೆ ಪೈಪ್ ಮುಟ್ಟಿ ನೋಡಿ ಅಕ್ಕೋರೆ. ಗಟ್ಟಿ ಆದ್ರೂ ಕಷ್ಟ, ಮೆತ್ತಗಾದ್ರೂ ಕಷ್ಟ" ಎಂದ. ನನ್ನ ಕಡೆಗೇ ನೋಡಿ ಯಾಕೆ ಹೇಳಿದನೋ ಗೊತ್ತಿಲ್ಲ.

ಮುಟ್ಟಿ ನೋಡುವ ಕೆಲಸ ನನ್ನದೇ ಆಯಿತು, ಯಾಕೆಂದರೆ ಇವರು ಮತ್ತೆ ಆ ಗಾಡಿಯಡಿಗೆ ಹೋಗಲಿಲ್ಲ. ಬೋಟಿನ ಮೇಸ್ತ್ರಿ ವ್ಯಾನಿಗೂ ಬೋಟಿನ ಪೈಪು ಹಾಕಿದ ಎಂದು ಬಂದರಿನವರು ಆಡಿಕೊಂಡರು. ಇವರೂ ನಕ್ಕರು, ಆದರೆ ಅವರ ಕೈ ಮೊದಲಿನಂತೆ ಉಳಿಯಲಿಲ್ಲ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತುಬಿಡುವರು. ಬಿಗಿದ ಪೈಪನ್ನೇ ಮೂರು ಸಲ ಬಿಗಿಯುವರು. ನನ್ನ ಹೆದರಿಕೆ ಅವರಿಗೆ ಅಂಟಿತ್ತು, ಅಂಟಿಸಿದವಳು ನಾನು. ದಿನಾ ಅವರು ಸ್ನಾನಕ್ಕೆ ಹೋದಾಗ ಆ ಹಳೆಯ ತಗಡು ಅಲ್ಲೇ ಅವರ ಎದುರಿಗೇ ಇರುತ್ತಿತ್ತು. ಇವತ್ತು ಗುರುತು ಹಿಡಿಯುತ್ತಾರೆ, ಇವತ್ತು ಹಿಡಿಯುತ್ತಾರೆ ಎಂದು ಅಡುಗೆಮನೆಯಲ್ಲಿ ನಿಂತು ನೀರಿನ ಸದ್ದು ಕೇಳುತ್ತಿದ್ದೆ. ಎತ್ತಿ ಎಸೆಯಬಹುದಿತ್ತು. ಅದಕ್ಕೂ ಕೈ ಬರಲಿಲ್ಲ.

ಹೊಸ ತಗಡೂ ವರ್ಷದೊಳಗೆ ಗಡಗಡ ಶುರು ಮಾಡಿತು. ಈಗ ಸದ್ದು ನಿಂತರೆ ನನಗೆ ಭಯವಾಗುತ್ತಿತ್ತು.

ಐದು ವರ್ಷದ ಮೇಲೆ ಗಾಡಿ ಮಾರಲು ಹೊರಟೆವು. ಬೆಳಕೆ ಎಂಬ ಊರಿನಿಂದ ಒಬ್ಬ ಹೆಂಡತಿ ಮಗುವಿನ ಸಂಗಡ ಬಂದ. ಮಗು ಅವಳ ಸೊಂಟದ ಮೇಲಿಂದಲೇ ಸೀಟು ತಟ್ಟುತ್ತಿತ್ತು. ಅವನು ಗಾಡಿ ಚಾಲೂ ಮಾಡಿ ಕಿವಿಗೊಟ್ಟ.

"ಇದೆಂತ ಗಡಗಡ?"

"ತಗಡು" ಎಂದರು ಇವರು.

"ಅಷ್ಟೇ ಅಲ? ಆತು. ತೆಗ್ಸಿ ಗುಜರಿಗೆ ಒಗೀತೆ."

"ಒಗೀಬೇಡಿ!" ನನ್ನ ದನಿಗೆ ಮಗು ಬೆಚ್ಚಿ ತಾಯಿಯ ಹೆಗಲು ಹಿಡಿಯಿತು. ನಾನು ಬಚ್ಚಲಿಗೆ ಓಡಿ ಒಲೆಯ ಬಾಯಿಂದ ತಗಡು ಕಿತ್ತು ತಂದೆ. ಬೆಳಗಿನ ಬಿಸಿ ಇನ್ನೂ ಇತ್ತು, ಬೆರಳು ಚುರ್ರೆಂದಿತು. ಇವರ ಕಾಲ ಬುಡದಲ್ಲಿ ಹಾಕಿದೆ.

"ಇದು ದಾರಿಲಿ ಬಿದ್ದಿದ್ದಲ್ಲ. ನೀವು ಭಟ್ಕಳಕ್ಕೆ ಹೋದಾಗ ನಾನೇ ತೆಗ್ಸಿದ್ದೆ."

ಇವರು ಕೂತು ತಗಡನ್ನು ತಿರುಗಿಸಿದರು. ಬೂದಿ ಒರೆಸಿ, ಬೋಲ್ಟಿನ ತೂತಿನಲ್ಲಿ ಬೆರಳು ಹಾಕಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು:

"ಹಾಗಾರೆ ನನ್ನ ಪೈಪೊಂದೇ ಅಲ್ಲ?"

"ಅಲ್ಲ."

"ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ಹೆದ್ರಿಕೆ ಆತು."

ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಲುಂಗಿ ಎತ್ತಿ ಕಟ್ಟಿ, "ಹನ್ನೆರಡ್ನೇ ನಂಬರ್ ಪಾನಾ ತಕ ಬಾ" ಎಂದರು. ನಾನು ತರುವಷ್ಟರಲ್ಲಿ ಬೆನ್ನ ಮೇಲೆ ಜಾರಿ ಗಾಡಿಯಡಿಗೆ ಹೋಗಿದ್ದರು, ಐದು ವರ್ಷದಲ್ಲಿ ಮೊದಲ ಸಲ. ಬೆಳಕೆಯವನನ್ನೂ ಬಗ್ಗಿಸಿ, ಇದು ಪೈಪು, ಇದು ಕನ್ವರ್ಟರ್, ನಡುವಿನ ಈ ತಗಡನ್ನು ಯಾರು ಹೇಳಿದರೂ ತೆಗೆಯಬೇಡ ಎಂದು ತೋರಿಸುತ್ತಿದ್ದರು. ಆಮೇಲೆ ಒಳಗಿನಿಂದ ಒಂದು ಕೈ ಹೊರಗೆ ಬಂತು, ಅಂಗೈ ಮೇಲಾಗಿ. ನಾನು ಪಾನಾ ಇಟ್ಟೆ. ಅವರು ತಗಡಿನ ಬೋಲ್ಟನ್ನು ಬಿಗಿದರು, ಒಂದೇ ಸಲ.