ಅರ್ಡಿಸ್ ಲೀಸಿಗೆ ಕೊಡುವ ಕರುಗಳು

ಅಮೆರಿಕದಲ್ಲೇ ಹಾಲಿಗೆ ಹೆಸರಾದ ನಮ್ಮ ವಿಸ್ಕಾನ್ಸಿನ್‌ನಲ್ಲಿ ಹೆಚ್ಚಿನ ಮಕ್ಕಳ ಮನೆಯಲ್ಲಿ ಹಸುವಿಲ್ಲ. ಇದು ಯಾರಿಗೂ ಹೊಸ ಸುದ್ದಿಯಲ್ಲ. ಆದರೂ ಪ್ರತಿ ಬೇಸಿಗೆ ಮಕ್ಕಳು ತಾವು ಸಾಕಿದ ಕರುಗಳನ್ನು ನಡೆಸಿ ತೋರಿಸುವ ಕೌಂಟಿ ಪ್ರದರ್ಶನದ ಬೇಲಿಗೆ ಒರಗಿಕೊಂಡು "ನಮ್ಮ ಮಕ್ಕಳು, ನಮ್ಮ ಹಸುಗಳು" ಎಂದು ಎದೆಯುಬ್ಬಿಸುತ್ತೇವೆ. ಯಾರ ಮಕ್ಕಳು? ಕೊಟ್ಟಿಗೆ ಇದ್ದವರ ಮಕ್ಕಳು. ಉಳಿದ ಮಕ್ಕಳು ಐಸ್‌ಕ್ರೀಮ್ ನೆಕ್ಕುತ್ತಾ ಹೊರಗೆ ನಿಂತಿರಬೇಕು.

ಅರ್ಡಿಸ್ ಟೆಶ್ನರ್‌ಗೆ ಇದು ಸರಿಬರಲಿಲ್ಲ. ಗಂಡ ತೀರಿಕೊಂಡ ಮೇಲೂ ಹಸುಗಳನ್ನು ಮಾರದೆ ಉಳಿದ ಹೆಂಗಸು ಆಕೆ. ಮಾತು ಒರಟು, ಮೊಣಕಾಲು ಕೆಟ್ಟಿದೆ, ಕೊಟ್ಟಿಗೆಯ ರೇಡಿಯೋದಲ್ಲಿ ಸದಾ ಪೋಲ್ಕಾ ಕುಣಿತದ ಹಾಡು. ವಸಂತದಲ್ಲಿ ಹುಟ್ಟಿದ ಹೆಣ್ಣುಗರುಗಳಲ್ಲಿ ಕೆಲವನ್ನು ಪೇಟೆಯ ಮಕ್ಕಳಿಗೆ ಲೀಸಿಗೆ ಕೊಡುತ್ತಾಳೆ. ದುಡ್ಡಿನ ಮಾತಿಲ್ಲ. ಕರು ಆಕೆಯ ಕೊಟ್ಟಿಗೆಯಲ್ಲೇ ಇರುತ್ತದೆ. ಮಗು ದಿನಾ ಬಂದು ಹಾಲು ಕುಡಿಸಬೇಕು, ಸಗಣಿ ಬಾಚಬೇಕು, ಹಗ್ಗ ಹಿಡಿದು ನಡೆಸಿ ಪಳಗಿಸಬೇಕು, ಕೊನೆಗೆ ಪ್ರದರ್ಶನದ ಅಖಾಡಕ್ಕೆ ತಾನೇ ಕರೆದೊಯ್ಯಬೇಕು. ಕರೆದೊಯ್ದರೆ ಮುಂದಿನ ವರ್ಷವೂ ಆ ಕಡಸು ಆ ಮಗುವಿನ ಕೈಯಲ್ಲೇ. ಇಲ್ಲವಾದರೆ ಲೀಸು ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ಹೀಗೆ ಕರು ಪಡೆದವಳು ಪಾಹೂವಾ ಶಿಯಾಂಗ್ ಎಂಬ ಹುಡುಗಿ, ಆಗ್ನೇಯ ಏಷ್ಯಾದಿಂದ ವಲಸೆ ಬಂದ ಹ್ಮಾಂಗ್ ಜನಾಂಗದವಳು. ಅಪ್ಪ ಚೀಸ್ ಕಾರ್ಖಾನೆಯ ಕೆಲಸಗಾರ, ಮನೆ ಲಾಂಡ್ರಿ ಅಂಗಡಿಯ ಮೇಲಿನ ಮಹಡಿ. ಸೈಕಲ್ ತುಳಿದುಕೊಂಡು ಬರುತ್ತಿದ್ದಳು. ಜರ್ಸಿ ಕರುವಿಗೆ ಜಿಂಜರ್ ಎಂದು ಹೆಸರಿಟ್ಟಿದ್ದಳು. ಅವಳ ಸದ್ದು ಕೇಳಿದರೆ ಸಾಕು, ಕರು ಕೂಗುತ್ತಿತ್ತು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ, ಮೈದಾನದ ಕೊಟ್ಟಿಗೆಯಲ್ಲಿ ಕರುಗಳ ಕೂದಲು ಕತ್ತರಿಸುವ ಕೆಲಸ. ಮೈಯೆಲ್ಲ ನುಣ್ಣಗೆ ಮಾಡಿದರೂ ಬೆನ್ನೆಲುಬಿನ ಉದ್ದಕ್ಕೂ ಕೂದಲು ಬಿಡಬೇಕು. ಅದನ್ನು ಗಾಳಿ ಊದಿ ನಿಲ್ಲಿಸಿ ಸಮನಾಗಿ ಕತ್ತರಿಸಿದರೆ ಬೆನ್ನು ಗೆರೆ ಎಳೆದಂತೆ ನೆಟ್ಟಗೆ ಕಾಣುತ್ತದೆ; ಅದಕ್ಕೆ ಅಂಕವುಂಟು. ಕೊಟ್ಟಿಗೆಯಲ್ಲೇ ಬೆಳೆದವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಪಾಹೂವಾಗೂ ಯಾರೂ ಹೇಳಲಿಲ್ಲ. ಅರ್ಡಿಸ್ ಹುಲ್ಲು ತರಲು ಹೋಗಿ ಬರುವಷ್ಟರಲ್ಲಿ ಹುಡುಗಿ ಕುತ್ತಿಗೆಯಿಂದ ಬಾಲದವರೆಗೆ ಬೆನ್ನನ್ನು ಬೋಳಿಸಿಬಿಟ್ಟಿದ್ದಳು.

ಪಕ್ಕದಲ್ಲೇ ಬ್ರೆಂಟ್ ಲೋಹ್ಮನ್ ಇದ್ದ. ದೊಡ್ಡ ಹಿಂಡಿನ ಯಜಮಾನ. ಮಗನ ಕರುವನ್ನು ಸಿಂಗರಿಸಲು ಸಂಬಳ ಕೊಟ್ಟು ಹೊರಗಿನವರನ್ನು ಕರೆಸಿದ್ದ. ಮಗ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದ. ಇದಕ್ಕೆ ನಾವು ಮಕ್ಕಳ ಪ್ರದರ್ಶನ ಎಂದು ಬೋರ್ಡು ಹಾಕುತ್ತೇವೆ!

"ಏನ್ ಅರ್ಡಿಸ್, ನಿನ್ ಕರು ಮಿಲ್ಟ್ರಿ ಸೇರ್ತಾ ಇದ್ಯಾ?" ಎಂದ ಲೋಹ್ಮನ್.

"ನಿನ್ ತಲೆಗಿಂತ ಇದರ ಬೆನ್ನಲ್ಲೇ ಕೂದಲು ಜಾಸ್ತಿ ಇದೆ, ನೋಡ್ಕೋ."

ಅವನು ನಕ್ಕ. ಕೆಟ್ಟವನೇನಲ್ಲ. "ಹೋಗ್ಲಿ ಬಿಡು, ನಮ್ ಕೆಲಸದ ಹುಡುಗ್ರು ಕೂದಲು ಅಂಟಿಸಿ ಒಂಚೂರು ಬಣ್ಣ ಹೊಡೀತಾರೆ. ತೀರ್ಪು ಕೊಡೋರಿಗೆ ಗೊತ್ತೂ ಆಗಲ್ಲ."

"ಬೇಡಪ್ಪ. ನಿನ್ ಅಂಟು ನಿನ್ ಹತ್ರಾನೇ ಇರ್ಲಿ."

ಪಾಹೂವಾ ಹುಲ್ಲಿನ ಕಟ್ಟಿನ ಹಿಂದೆ ಕೂತು ಅಳುತ್ತಿದ್ದಳು. "ನಾನು ನಾಳೆ ಹೋಗಲ್ಲ, ಮಿಸೆಸ್ ಟೆಶ್ನರ್. ಎಲ್ಲಾರೂ ನಗ್ತಾರೆ. ಅಪ್ಪ ರಜಾ ಹಾಕಿ ಬರ್ತಿದಾರೆ, ಅವರ ಮುಂದೆ..."

"ನಗ್ತಾರೆ. ನಗ್ದೇ ಇರ್ತಾರಾ? ಆದ್ರೆ ನೀನ್ ಹೋಗ್ದಿದ್ರೆ ಜಿಂಜರ್ ವಾಪಸ್ ನನ್ ಹಿಂಡಿಗೆ. ಗೊತ್ತಲ್ಲ?"

ಪೇಪರಿನ ಅಂಕಣಕ್ಕಾಗಿ ಅಲ್ಲೇ ಸುತ್ತುತ್ತಿದ್ದ ನನಗೆ ತಡೆಯಲಾಗಲಿಲ್ಲ. "ಒಂದ್ಸಲ ಬಿಟ್ಬಿಡು ಅರ್ಡಿಸ್. ಮಗು ಅದು."

"ನೀನು ಪೇಪರಿಗೆ ಬರ್ಕೋ ಹೋಗು," ಎಂದಳು ನನಗೆ. ಆಮೇಲೆ ಮೊಣಕಾಲು ಹಿಡಿದುಕೊಂಡು ಹುಡುಗಿಯ ಪಕ್ಕ ನೆಲಕ್ಕೆ ಕೂತಳು. "ತಪ್ಪು ನಂದು ಕಣೆ ಮರಿ. ಬೆನ್ನು ಮುಟ್ಬೇಡ ಅಂತ ಹೇಳ್ಬೇಕಿತ್ತು. ಎಲ್ಲಾರ್ಗೂ ಗೊತ್ತಿರುತ್ತೆ ಅಂದ್ಕೊಂಡೆ. ನಾಳೆ ಬೇಲಿ ಹತ್ರ ನಾನೂ ನಿಂತಿರ್ತೀನಿ. ನಗೋರು ನನ್ ಮುಖ ನೋಡ್ಕೊಂಡು ನಗ್ಲಿ."

ಹುಡುಗಿ ಎದ್ದು ಹೋಗಿ ಕರುವಿನ ಕಿವಿ ಒರೆಸತೊಡಗಿದಳು.

ಮರುದಿನ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಬೋಳು ಬೆನ್ನಿನ ಜಿಂಜರ್ ಜೊತೆ ಅಖಾಡಕ್ಕೆ ಬಂದಳು. ಜನ ನಕ್ಕರು. ಅರ್ಡಿಸ್ ತಿರುಗಿ ದುರುಗುಟ್ಟಿದ ಮೇಲೆ ಕೆಲವರು ನಿಲ್ಲಿಸಿದರು. ತೀರ್ಪುಗಾರ್ತಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು: "ಕೂದಲು ಕತ್ತರಿಸಿದ್ದು ಯಾರು?" ಲೋಹ್ಮನ್ನನ ಮಗ ಅಪ್ಪನತ್ತ ನೋಡಿದ.

"ನಾನೇ ಮೇಡಂ," ಎಂದಳು ಪಾಹೂವಾ. "ಬೆನ್ನು ಬಿಡ್ಬೇಕು ಅಂತ ಗೊತ್ತಿರ್ಲಿಲ್ಲ."

"ಈಗ?"

"ಈಗ ಸಾಯೋವರೆಗೂ ಮರೆಯಲ್ಲ."

ತೀರ್ಪುಗಾರ್ತಿಗೂ ನಗು ಬಂತು. ಅಂಕ ಮಾತ್ರ ಕಳೆದರು. ಗೆದ್ದದ್ದು ಲೋಹ್ಮನ್ನನ ಮಗ. ಪಾಹೂವಾ ಸಾಲಿನ ಕೊನೆಯ ಕಡೆ ನಿಂತಳು. ಆದರೆ ಜಿಂಜರ್ ಅವಳಲ್ಲೇ ಉಳಿಯಿತು. ಅವಳಿಗೆ ಬೇಕಾಗಿದ್ದುದೂ ಅದೇ.

ಅವಳ ಅಪ್ಪ ಹಿಂಜರಿಯುತ್ತಲೇ ಬಂದು ಕರುವಿನ ಹಣೆ ಸವರಿದ. "ಇಷ್ಟ್ ವರ್ಷದಿಂದ ಹಾಲಿನ ಮಧ್ಯಾನೇ ಕೆಲ್ಸ ಮಾಡ್ತಿದೀನಿ. ಹಸು, ಕರು ಅಂತ ಮುಟ್ಟಿದ್ದು ಇವತ್ತೇ, ಅಮ್ಮ," ಎನ್ನುತ್ತಾ ತಮ್ಮ ಮನೆಯ ಅಂಟಂಟು ಅನ್ನ, ಮೆಣಸಿನಕಾಯಿ ಚಟ್ನಿಯ ಡಬ್ಬಿಯನ್ನು ಅರ್ಡಿಸ್ ಕೈಗೆ ಕೊಟ್ಟ. ಒಂದು ತುತ್ತಿಗೇ ಆಕೆಯ ಕಣ್ಣಲ್ಲಿ ನೀರು. "ಇದೇನು ಊಟಾನಾ, ಶಿಕ್ಷೆನಾ?" ಎಂದು ಬೈದುಕೊಂಡೇ ಇನ್ನೊಂದು ತುತ್ತಿಗೆ ಕೈ ಹಾಕಿದಳು.

ಅರ್ಡಿಸ್, ನಿನಗೆ ಈ ಊರು ಋಣಿ. ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ವಸಂತದಲ್ಲಿ ಆಕೆಯ ಬಾಗಿಲಿಗೆ ಕರು ಕೇಳಿಕೊಂಡು ಬಂದ ಮಕ್ಕಳಿಗೆ ಸಾಲುವಷ್ಟು ಕರುಗಳು ಅಲ್ಲಿಲ್ಲ. ಕೆಲವರು ಸೈಕಲ್ ತಿರುಗಿಸಿಕೊಂಡು ಬರಿಗೈಯಲ್ಲಿ ಹೋದರು. ಹಿಂಡು ಸಾಕಿದ ಓದುಗರೇ, ನಿಮ್ಮ ಕೊಟ್ಟಿಗೆಯಲ್ಲಿ ಕರುಗಳಿವೆ, ನನಗೆ ಗೊತ್ತು. ಅರ್ಡಿಸ್‌ಗೆ ಫೋನ್ ಮಾಡಿ, ಹಾಗೆ ವಾಪಸಾದ ಮಗುವೊಂದರ ಹೆಸರು ಕೇಳಿ, ಈ ವಾರವೇ ಆ ಮಗುವಿಗೆ ಒಂದು ಕರು ಲೀಸಿಗೆ ಕೊಡಿ.