ಯಗಟಿಗೂ ಹಿರೇನಲ್ಲೂರಿಗೂ ಒಂದೇ ಪ್ರೋಗ್ರಾಂ

ಯಗಟಿಯ ಕುರಿ ಸಾಕುವವರ ಸಂಘದಲ್ಲಿ ಕೋಮಲಾಗೆ ಲೆಕ್ಕ ಬರೆಯುವ ಕೆಲಸ. ಆದರೆ ಅವಳ ಜೀವ ಇದ್ದದ್ದೆಲ್ಲ ಕಂಪ್ಯೂಟರಿನಲ್ಲಿ. ಡಾಕ್ಟರು ಕುರಿಗಳಿಗೆ ಲಸಿಕೆ ಹಾಕಲು ಬರುವ ದಿನವನ್ನು ಎಲ್ಲರಿಗೂ ತಾನಾಗಿ ಫೋನು ಮಾಡಿ ತಿಳಿಸುವ ಪ್ರೋಗ್ರಾಮನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವಳೇ ಬರೆದಿದ್ದಳು.

ತೊಡಕು ಶುರುವಾದದ್ದು ಹಿರೇನಲ್ಲೂರು ಶಾಖೆಗೆ ಹೊಸ ಕಂಪ್ಯೂಟರ್ ಬಂದಾಗ. ಯಗಟಿಯದು ಓಬೀರಾಯನ ಕಾಲದ್ದು; ಅದಕ್ಕೆ ಜೋಡಿಸಿದ್ದ ಫೋನು ಮಾಡುವ ಪೆಟ್ಟಿಗೆ ಹಳೇ ಪೈಥಾನಿಗೆ ಮಾತ್ರ ಒಗ್ಗುತ್ತದೆ. ಹಿರೇನಲ್ಲೂರಿನಲ್ಲಿ ಹೊಸ ಪೈಥಾನ್. ಅಲ್ಲಿ ಪ್ರೋಗ್ರಾಂ ಮೊದಲ ಸಾಲಿಗೇ ಮುಗ್ಗರಿಸಿತು. ಇಂಟರ್ನೆಟ್ಟಿನಿಂದ ಫೋನ್ ನಂಬರುಗಳ ಪಟ್ಟಿ ತರುವ ಮಾಡ್ಯೂಲಿಗೆ, ಅಂದರೆ ಪೈಥಾನಿನ ಜೊತೆಗೇ ಬರುವ ಸಿದ್ಧ ತುಣುಕಿಗೆ, ಹೊಸ ಪೈಥಾನ್ ಮಾಡಿದವರು ಬೇರೆ ಹೆಸರಿಟ್ಟಿದ್ದರು. ಇದ್ದ ಹೆಸರಿಗೆ ಏನು ಧಾಡಿಯಾಗಿತ್ತೋ!

ಕೋಮಲಾ ಊರಿಗೊಂದರಂತೆ ಎರಡು ಪ್ರತಿ ಮಾಡಿಟ್ಟಳು. ಅದೇ ತಪ್ಪಾಯಿತು. ಡಾಕ್ಟರು ಒಂದು ದಿನ ಮೊದಲೇ ಬರುತ್ತೇನೆಂದಾಗ ಹಿರೇನಲ್ಲೂರಿನದನ್ನು ತಿದ್ದಿ, ಯಗಟಿಯದನ್ನು ಮರೆತಳು. ಯಗಟಿಯ ಓಬಮ್ಮ ಎಂಬತ್ತು ಕುರಿ ಹೊಡೆದುಕೊಂಡು ಬರುವಷ್ಟರಲ್ಲಿ ಡಾಕ್ಟರು ಬಂದು ಹೋಗಿ ಒಂದು ದಿನವಾಗಿತ್ತು. ಆ ತಿಂಗಳು ಕರುಳುಬೇನೆಗೆ ಅವಳ ಹನ್ನೊಂದು ಮರಿ ಸತ್ತವು. ಓಬಮ್ಮ ಬೈಯಲಿಲ್ಲ, ಇನ್ನು ಆ ಫೋನನ್ನು ನಂಬುವುದಿಲ್ಲ ಎಂದಳು ಅಷ್ಟೆ. ಕೋಮಲಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇನ್ನೊಂದು ಸಲ ತಪ್ಪಿದರೆ ಇದೆಲ್ಲ ಬಂದ್ ಎಂದು ಸಂಘದ ಕಾರ್ಯದರ್ಶಿ ಕರಿಯಪ್ಪ ಖಡಾಖಂಡಿತವಾಗಿ ಹೇಳಿದರು.

ಈಗ ಮತ್ತೆ ಅದೇ ಪೇಚು. ಬುಧವಾರ ಬೆಳಿಗ್ಗೆ ಡಾಕ್ಟರು ಫೋನು ಮಾಡಿ, ಲಸಿಕೆ ಶನಿವಾರವಲ್ಲ, ನಾಳೆಯೇ, ಎರಡೂ ಕಡೆಯವರು ಯಗಟಿಗೇ ಬರಲಿ ಎಂದರು. ಎರಡು ಪ್ರತಿಯ ಸಹವಾಸವೇ ಬೇಡ, ಒಂದೇ ಪ್ರೋಗ್ರಾಂ ಎರಡು ಕಡೆಯೂ ಓಡಬೇಕು ಎಂದು ಕೋಮಲಾ ಹಟ ಹಿಡಿದು ಕೂತಳು. ಪಕ್ಕದ ಮೇಜಿನಲ್ಲಿ ಕರಿಯಪ್ಪ ಯಾವುದಕ್ಕೂ ಇರಲಿ ಎಂದು ತಾವೇ ಒಬ್ಬೊಬ್ಬರಿಗೆ ಫೋನು ಹಚ್ಚುತ್ತಿದ್ದರು.

"ಹುಲಿಗೆಮ್ಮ ಇದಾರೇನ್ರೀ? ಆ ಹೆಸರಿನೋರು ಇಲ್ವಾ? ಹೋಗ್ಲಿ, ಅಜ್ಜಮ್ಮ ಇದಾರಾ? ಹಾಂ, ಅವರಿಗೇ ಕೊಡ್ರಿ."

ಕಾಗದದ ಹೆಸರೊಂದು, ಮನೆಯವರು ಕರೆಯುವ ಹೆಸರೊಂದು. ಇದು ಇಲ್ಲಿ ಮನೆಮನೆಯ ಕಥೆ. ಯಾವ ಹೆಸರಿಗೆ ಓಗೊಟ್ಟರೂ ಕರಿಯಪ್ಪ ಪುಸ್ತಕದಲ್ಲಿ ಹುಲಿಗೆಮ್ಮ ಎಂದೇ ಗುರುತು ಹಾಕಿದರು. ಕೋಮಲಾ ಕುರ್ಚಿಯಿಂದ ಎದ್ದೇಬಿಟ್ಟಳು. ಅಯ್ಯೋ, ಇಷ್ಟೇ ತಾನೇ! ಮಾಡ್ಯೂಲನ್ನು ಮೊದಲು ಹೊಸ ಹೆಸರಿನಿಂದ ಕರೆ, ಇಲ್ಲವೆಂದರೆ ಹಳೆಯದರಿಂದ ಕರೆ, ಯಾರು ಬಂದರೂ ಒಳಗೆ ಒಂದೇ ಹೆಸರಿಡು. ನಾಲ್ಕೇ ಸಾಲು. ಮತ್ತೆ ಕೂತು ಬರೆದು ಓಡಿಸಿದಳು. ಹಳೇ ಕಂಪ್ಯೂಟರ್ ಕಮಕ್ ಕಿಮಕ್ ಎನ್ನದೆ ಫೋನು ಮಾಡತೊಡಗಿತು.

ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ಓಡೋಡಿ ಬಸ್ಸು ಹತ್ತಿದಳು. ಸೀಟಿದ್ದರೂ ಕೂರಲಾಗಲಿಲ್ಲ. ಹಿರೇನಲ್ಲೂರಿನಲ್ಲಿ ಒಂದಕ್ಷರ ಬದಲಿಸದೆ ಅದನ್ನೇ ಓಡಿಸಿದಳು. ಓಡಿತು! ಖುಷಿಗೆ ಅವಳ ಕಣ್ಣಲ್ಲಿ ನೀರೇ ಬಂತು.

ಮರುದಿನ ಸಂಘದ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಕುರಿ. ಕೋಮಲಾಳ ಕಣ್ಣು ಮಾತ್ರ ಓಬಮ್ಮನನ್ನೇ ಹುಡುಕುತ್ತಿತ್ತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಡಾಕ್ಟರು ಲಸಿಕೆಯ ಐಸ್ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಧೂಳೆದ್ದಿತು.

"ನಿನ್ನ ನಂಬಿ ಬರ್ಲಿಲ್ಲ ಕಣವ್ವ," ಎಂದಳು ಓಬಮ್ಮ, ಏದುಸಿರು ಬಿಡುತ್ತಾ. "ನಿನ್ನೆ ನಂಗೆ, ಲಸಿಕೆ ನಾಳೆ ಅಂತ ಫೋನ್ ಬಂತು. ಹಿರೇನಲ್ಲೂರಲ್ಲಿರೋ ಮಗಳನ್ನ ಕೇಳ್ದೆ, ಅವಳಿಗೂ ಅದೇ ಬಂದಿತ್ತು. ಎರಡೂ ಕಡೆ ಒಂದೇ ಮಾತು ಬಂತಲ್ಲ, ಅದ್ಕೇ ಹೊಡ್ಕೊಂಡ್ ಬಂದೆ."

ಕೋಮಲಾ ಸೆರಗು ಸಿಕ್ಕಿಸಿಕೊಂಡು, ಓಬಮ್ಮನ ಮೊದಲ ಕುರಿಯನ್ನು ಲಸಿಕೆಗೆ ತಾನೇ ಹಿಡಿದು ನಿಂತಳು.